ತೊಗಟೆಯ ದುಂಬಿಯೂ ಅದರ ಸಂಗಾತಿಯಾದ ಬೂಷ್ಟೂ

ಮಳೆಗಾಲದಲ್ಲಿ ಉಪ್ಪಿನಕಾಯಿಯ ಭರಣಿಯ ಬಾಯಲ್ಲಿಯೂ, ಮೂಲೆಯಲ್ಲಿಟ್ಟ ಚರ್ಮದ ಪಾದರಕ್ಷೆಯ ಮೇಲೆಯೂ ಕಾಣಿಸಿಕೊಳ್ಳುವ ಬೂಷ್ಟನ್ನು ಅರಿಯದ ಗೃಹಿಣಿಯಿಲ್ಲ. ಅದನ್ನು ಕಂಡೊಡನೆ ನಾವು ಒರಸಿ ಎಸೆಯುವೆವೇ ಹೊರತು, ಇದು ಯಾವ ಬೂಷ್ಟು, ಇದರ ಹೆಸರೇನು, ಎಂದು ವಿಚಾರಿಸುವುದಿಲ್ಲ. ಮನೆಯ ಕೆಲಸಕ್ಕೆ ಅಷ್ಟು ವಿಚಾರವು ಬೇಕಾಗಿಯೂ ಇಲ್ಲ. ಆದರೆ ಒಂದೇ ಬಗೆಯಾಗಿ ಕಾಣುತ್ತಿದ್ದ ಎರಡು ಬೂಷ್ಟುಗಳನ್ನು ಶಾಸ್ತ್ರಜ್ಞರು ಒಂದೇ ಹೆಸರಿನಿಂದ ಕರೆಯುತ್ತಿದ್ದ ಕಾಲದಲ್ಲಿ, ಅವುಗಳಲ್ಲಿ ಒಂದು ಸದ್ದಿಲ್ಲದೆ ಸಮುದ್ರವನ್ನು ದಾಟಿ ಬಂದು, ಕೋಟಿಗಟ್ಟಲೆ ಮರಗಳನ್ನು ಒಣಗಿಸಿಬಿಟ್ಟ ಸಂಗತಿಯುಂಟು. ಹೆಸರಿಡುವುದು ಎಂಬ ಸಣ್ಣ ಕೆಲಸದ ಮೇಲೆ ಎಷ್ಟು ದೊಡ್ಡ ಫಲವು ನಿಂತಿರುವುದೆಂಬುದನ್ನು ಈ ಪಾಠದಲ್ಲಿ ವಿವರಿಸಲು ಯತ್ನಿಸುವೆವು. ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಿಗೆ ಇದು ವಿಶೇಷವಾಗಿ ರುಚಿಸುವುದೆಂದು ನಂಬಿದ್ದೇವೆ. ಯಾಕಂದರೆ ಈ ಶೋಧನೆಯ ಮೊದಲ ಭಾಗವನ್ನು ನಡಿಸಿದವರು ಬಹುಮಟ್ಟಿಗೆ ಹೆಣ್ಣುಮಕ್ಕಳೇ.

೧. ದುಂಬಿಯೂ ಬೂಷ್ಟೂ ಕೂಡಿ ಬಾಳುವ ರೀತಿ

ಮರದ ತೊಗಟೆಯ ಕೆಳಗೆ ವಾಸಮಾಡುವ ಸಣ್ಣ ದುಂಬಿಗಳ ದೊಡ್ಡ ಸಂತತಿಯೊಂದುಂಟು. ಲೋಕದಲ್ಲಿ ಇವುಗಳ ಸುಮಾರು ೬೦೦೦ ಜಾತಿಗಳು ಎಣಿಕೆಗೆ ಬಂದಿರುತ್ತವೆ. ನಮ್ಮ ಅಕ್ಕಿಗೆ ಬೀಳುವ ಉದ್ದ ಮೂತಿಯ ಹುಳುವಿಗೆ ಇವು ದಾಯಾದಿಗಳು. ಅನೇಕ ಜಾತಿಗಳು ಅಕ್ಕಿಯ ಕಾಳಿಗಿಂತಲೂ ಚಿಕ್ಕವು. ಹೆಣ್ಣು ದುಂಬಿಯು ತೊಗಟೆಯಲ್ಲಿ ರಂಧ್ರಮಾಡಿ ಒಳಹೊಕ್ಕು, ತೊಗಟೆಗೂ ಕಟ್ಟಿಗೆಗೂ ನಡುವೆ ಒಂದು ಹಾದಿಯನ್ನು ಕೊರೆದು, ಅದರ ಇಕ್ಕೆಲಗಳಲ್ಲಿ ಮೊಟ್ಟೆಗಳನ್ನಿಡುವುದು. ಮೊಟ್ಟೆಯೊಡೆದು ಬಂದ ಮರಿಹುಳುಗಳು ತಮ್ಮ ತಮ್ಮ ಹಾದಿಗಳನ್ನು ಕೊರೆದುಕೊಂಡು ಹೋಗುವುವು. ಇಂಥ ಮರದ ಸತ್ತ ತೊಗಟೆಯನ್ನು ಎಬ್ಬಿಸಿ ನೋಡಿದರೆ, ನಡುವೆ ನೇರವಾದ ಒಂದು ಗೆರೆಯೂ, ಅದರಿಂದ ಶತಪದಿಯ ಕಾಲುಗಳಂತೆ ಹೊರಟ ಮರಿಗೆರೆಗಳೂ ಸ್ಪಷ್ಟವಾಗಿ ಕಾಣುವುವು.

ಈ ದುಂಬಿಗಳು ಒಂಟಿಯಾಗಿ ಬರುವುದಿಲ್ಲ. ಬೂಷ್ಟಿನ ಬೀಜಕಣಗಳು ಅಂಟಾಗಿರುವುದರಿಂದ ಅವು ದುಂಬಿಯ ಮೈಗೆ ಮೆತ್ತಿಕೊಂಡು ಅದರೊಂದಿಗೆ ಮರದಿಂದ ಮರಕ್ಕೆ ಪ್ರಯಾಣಮಾಡುವುವು. ಕೆಲವು ಜಾತಿಯ ದುಂಬಿಗಳಿಗಂತೂ ಬೂಷ್ಟನ್ನು ಇಟ್ಟುಕೊಳ್ಳುವುದಕ್ಕಾಗಿಯೇ ಮೈಯಲ್ಲಿ ಸಣ್ಣ ಸಂಚಿಗಳಿರುವುವು. ಇಂಥವುಗಳಲ್ಲಿ ಒಂದು ಗುಂಪು ಕಟ್ಟಿಗೆಯೊಳಗೆ ಸುರಂಗಮಾಡಿ, ಸಂಚಿಯಲ್ಲಿ ತಂದ ಬೂಷ್ಟನ್ನು ಅಲ್ಲಿ ಬಿತ್ತಿ ಬೆಳೆಸಿ, ಅದನ್ನೇ ತಾನೂ ತಿಂದು ಮರಿಗಳಿಗೂ ಉಣಿಸುವುದು. ಮನುಷ್ಯನು ನೇಗಿಲನ್ನು ಕಾಣುವುದಕ್ಕೆ ಬಹುಕಾಲ ಮೊದಲೇ ಈ ಕ್ಷುದ್ರ ಜೀವಿಗಳು ಒಂದು ವಿಧವಾದ ಬೇಸಾಯವನ್ನು ಕಲಿತಿದ್ದುವು.

ಹೀಗೆ ದುಂಬಿಯು ಹೊತ್ತುತರುವ ಬೂಷ್ಟು ಒಂದೇ ಅಲ್ಲ. ಒಂದು ದುಂಬಿಯ ಮೈಮೇಲೆ ಹಲವು ಜಾತಿಯ ಬೂಷ್ಟುಗಳೂ ಹುದುಗನ್ನುಂಟುಮಾಡುವ ಕಿಣ್ವಕಣಗಳೂ ಸೇರಿಕೊಂಡಿರಬಹುದು. ಅವುಗಳಲ್ಲಿ ಕೆಲವು ದುಂಬಿಗೆ ಆಹಾರ. ಕೆಲವು ಕೇವಲ ಸಹಪ್ರಯಾಣಿಕರು. ಕೆಲವು ಮರಕ್ಕೆ ಮೃತ್ಯು. ಯಾವುದು ಯಾವುದೆಂದು ಗುರುತಿಸುವುದೇ ಇಲ್ಲಿನ ಪ್ರಶ್ನೆ.

೨. ಎಲ್ಮ್ ಮರಕ್ಕೆ ಬಂದ ರೋಗ

ಇದಕ್ಕೆ ಉತ್ತಮ ದೃಷ್ಟಾಂತವು ಯೂರೋಪಿನ ಎಲ್ಮ್ ಮರದ ಚರಿತ್ರೆ. ನಮ್ಮ ಕಾಡುಗಳಲ್ಲಿರುವ ತಪಸಿ ಮರವು ಈ ಮರದ ಕುಟುಂಬಕ್ಕೇ ಸೇರಿದುದು. ಹಾಲೆಂಡ್ ದೇಶದ ಕಾಲುವೆಗಳ ದಂಡೆಗಳಲ್ಲಿಯೂ ಊರ ಬೀದಿಗಳಲ್ಲಿಯೂ ಎಲ್ಮ್ ಮರಗಳು ಸಾಲಾಗಿ ನೆರಳು ಕೊಡುತ್ತಿದ್ದುವು. ಮೊದಲನೆಯ ಮಹಾಯುದ್ಧವು ಮುಗಿದ ಮರುವರ್ಷ, ಅಂದರೆ ೧೯೧೯ರಲ್ಲಿ, ಆ ಮರಗಳ ಎಲೆಗಳು ನಡುಬೇಸಗೆಯಲ್ಲಿಯೇ ಹಳದಿಯಾಗಿ ಮುದುಡಿ ಉದುರುವುದನ್ನು ಜನರು ಗಮನಿಸಿದರು. ಬರಗಾಲವೇ ಕಾರಣವೆಂದು ಕೆಲವರೂ, ಯುದ್ಧದಲ್ಲಿ ಬಿಟ್ಟ ವಿಷಗಾಳಿಯೇ ಕಾರಣವೆಂದು ಕೆಲವರೂ ಹೇಳಿದರು. ಅಲ್ಲಿನ ಸಸ್ಯರಕ್ಷಣೆಯ ಇಲಾಖೆಯಲ್ಲಿ ಕೆಲಸಮಾಡುತ್ತಿದ್ದ ದೀನಾ ಸ್ಪೀರೆನ್‌ಬುರ್ಖ್ ಎಂಬ ಮಹಿಳೆಯು ಈ ರೋಗದ ಲಕ್ಷಣಗಳನ್ನು ಬರೆದು ಪ್ರಕಟಿಸಿದರು.

ಆ ಕಾಲದಲ್ಲಿ ಸಸ್ಯರೋಗಗಳ ಒಂದು ಪ್ರಯೋಗಶಾಲೆಯ ಮುಖ್ಯಸ್ಥರಾಗಿದ್ದವರು ಯೊಹಾನ್ನಾ ವೆಸ್ಟರ್‌ಡೈಕ್. ೧೯೧೭ರಲ್ಲಿ ಅವರು ಹಾಲೆಂಡಿನ ಮೊದಲನೆಯ ಸ್ತ್ರೀ ಪ್ರಾಧ್ಯಾಪಕರಾಗಿ ನೇಮಕಗೊಂಡಿದ್ದರು. ಅವರ ಶಿಷ್ಯೆಯಾದ ಕುಮಾರಿ ಬೇಯಾ ಶ್ವಾರ್ಟ್ಸ್ ಎಂಬವರು ರೋಗದ ಮರಗಳ ಕಟ್ಟಿಗೆಯಿಂದ ಒಂದು ಬೂಷ್ಟನ್ನು ಬೇರ್ಪಡಿಸಿ, ಇದೇ ರೋಗಕಾರಕವೆಂದು ೧೯೨೨ರಲ್ಲಿ ತೋರಿಸಿ, ಅದಕ್ಕೆ ಗ್ರಾಫಿಯಮ್ ಉಲ್ಮಿ ಎಂದು ಹೆಸರಿಟ್ಟರು. ಎಲ್ಲರೂ ಇದನ್ನು ಕೂಡಲೇ ಒಪ್ಪಲಿಲ್ಲ. ಮತ್ತೊಬ್ಬ ಶಿಷ್ಯೆ ಕುಮಾರಿ ಕ್ರಿಸ್ಟೀನೆ ಬೊಯಿಸ್‌ಮನ್ ಎಂಬವರು ಆ ಬೂಷ್ಟನ್ನು ಆರೋಗ್ಯವಾದ ಮರಗಳಿಗೆ ಚುಚ್ಚಿ, ಅದೇ ರೋಗವು ಉಂಟಾಗುವುದನ್ನು ೧೯೨೭ರಲ್ಲಿ ಸಿದ್ಧಪಡಿಸಿದ ಮೇಲೆ ಸಂದೇಹವು ನೀಗಿತು. ೧೯೩೨ರಲ್ಲಿ ಅವರೇ ಬೂಷ್ಟಿನ ಎರಡು ಲಿಂಗಗಳು ಕೂಡಿದಾಗ ಹುಟ್ಟುವ ಬೇರೊಂದು ರೂಪವನ್ನು ಕಂಡುಹಿಡಿದರು. ಚಿಕ್ಕ ವಯಸ್ಸಿನಲ್ಲಿಯೇ, ೧೯೩೬ರಲ್ಲಿ, ಅವರು ತೀರಿಕೊಂಡರು. ರೋಗವನ್ನು ತಡೆಯಬಲ್ಲ ಎಲ್ಮ್ ತಳಿಯೊಂದಕ್ಕೆ ಅವರ ಹೆಸರನ್ನೇ ಇಟ್ಟರು. ಈ ರೋಗವನ್ನು ಡಚ್ ಎಲ್ಮ್ ರೋಗವೆಂದು ಲೋಕವು ಕರೆಯುವುದು ಅದು ಆ ದೇಶದಲ್ಲಿ ಹುಟ್ಟಿತೆಂಬುದಕ್ಕಾಗಿ ಅಲ್ಲ. ಅದರ ಕಾರಣವನ್ನು ಕಂಡುಹಿಡಿದವರು ಆ ದೇಶದ ಈ ಮಹಿಳೆಯರೆಂಬುದಕ್ಕಾಗಿ.

ರೋಗವು ಹರಡುವ ರೀತಿಯೂ ೧೯೩೦ರ ಸುಮಾರಿಗೆ ತಿಳಿದುಬಂತು. ಸತ್ತ ಎಲ್ಮ್ ಮರದ ತೊಗಟೆಯಡಿಯಲ್ಲಿ ಹುಟ್ಟಿ ಬೆಳೆದ ದುಂಬಿಗಳು ಮೈತುಂಬ ಬೀಜಕಣಗಳನ್ನು ಹೊತ್ತು ಹೊರಬಂದು, ಆರೋಗ್ಯವಾದ ಮರಗಳ ಎಳೆ ರೆಂಬೆಗಳ ಕವಲುಗಳನ್ನು ಕಚ್ಚಿ ತಿನ್ನುವುವು. ಆ ಗಾಯದ ಮೂಲಕ ಬೂಷ್ಟು ಮರದ ನೀರಿನ ನಾಳಗಳನ್ನು ಹೊಗುವುದು. ಮರವು ಅದನ್ನು ತಡೆಯಲೆಂದು ತನ್ನ ನಾಳಗಳನ್ನು ತಾನೇ ಮುಚ್ಚಿಕೊಳ್ಳುವುದು. ಹೀಗೆ ಬೇರಿನ ನೀರು ಎಲೆಗೆ ತಲಪದೆ ಮರವು ಒಣಗುವುದು. ಒಣಗುವ ಮರವೇ ದುಂಬಿಗೆ ಮೊಟ್ಟೆಯಿಡಲು ತಕ್ಕ ಸ್ಥಳ. ಬೂಷ್ಟು ದುಂಬಿಗೆ ಮನೆಯನ್ನು ಸಿದ್ಧಮಾಡುವುದು. ದುಂಬಿಯು ಬೂಷ್ಟಿಗೆ ವಾಹನವಾಗುವುದು.

೩. ಒಂದೇ ಹೆಸರಿನ ಎರಡು ಬೂಷ್ಟುಗಳು

೧೯೪೦ರ ದಶಕದಲ್ಲಿ ಯೂರೋಪಿನಲ್ಲಿ ಈ ರೋಗದ ಉಗ್ರತೆಯು ತಾನಾಗಿಯೇ ತಗ್ಗಿತು. ಅಪಾಯವು ಕಳೆಯಿತೆಂದು ಜನರು ಭಾವಿಸಿದರು. ಆದರೆ ೧೯೬೦ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಎಲ್ಮ್ ಮರಗಳು ಹಿಂದೆಂದೂ ಕಾಣದ ವೇಗದಲ್ಲಿ ಒಣಗತೊಡಗಿದುವು. ಕೆಲವೇ ದಶಕಗಳಲ್ಲಿ ಬ್ರಿಟನ್ನಿನಲ್ಲಿ ಎರಡೂವರೆ ಕೋಟಿಗಿಂತ ಹೆಚ್ಚು ಮರಗಳು ಸತ್ತುವೆಂದು ಅಂದಾಜು. ಇದು ಹಳೆಯ ರೋಗವೇ ಆಗಿದ್ದರೆ ಹೀಗೇಕೆ ಕೆರಳಿತು?

ಬ್ರಿಟನ್ನಿನ ಶಾಸ್ತ್ರಜ್ಞರಾದ ಜಾನ್ ಗಿಬ್ಸ್ ಮತ್ತು ಕ್ಲೈವ್ ಬ್ರೇಸಿಯರ್ ಎಂಬವರು ಇದನ್ನು ಪರೀಕ್ಷಿಸಿ, ಒಂದೇ ಹೆಸರಿನ ಕೆಳಗೆ ಎರಡು ಬಗೆಯ ಬೂಷ್ಟುಗಳಿವೆ, ಒಂದು ಸೌಮ್ಯ, ಇನ್ನೊಂದು ಉಗ್ರ, ಎಂದು ೧೯೭೩ರಲ್ಲಿ ಪ್ರಕಟಿಸಿದರು. ಉಗ್ರವಾದುದು ಉತ್ತರ ಅಮೇರಿಕದಿಂದ ಬಂದ ತೊಗಟೆಸಹಿತವಾದ ಎಲ್ಮ್ ದಿಮ್ಮಿಗಳೊಂದಿಗೆ ಹಡಗಿನಲ್ಲಿ ಬಂದಿತ್ತು. ೧೯೯೧ರಲ್ಲಿ ಬ್ರೇಸಿಯರ್ ಅವರು ಅದನ್ನು ಬೇರೆಯೇ ಆದ ಒಂದು ಜಾತಿಯೆಂದು ನಿರ್ಣಯಿಸಿ ಒಫಿಯೊಸ್ಟೋಮ ನೋವೊ-ಉಲ್ಮಿ ಎಂದು ಹೆಸರಿಟ್ಟರು. ಹಳೆಯದು ಈಗ ಒಫಿಯೊಸ್ಟೋಮ ಉಲ್ಮಿ ಎನಿಸಿಕೊಳ್ಳುವುದು.

ಇವೆರಡನ್ನು ಬರಿಗಣ್ಣಿನಿಂದ ಮರದಲ್ಲಿ ನೋಡಿ ಬೇರ್ಪಡಿಸುವುದು ಸಾಧ್ಯವಿಲ್ಲ. ಸೂಕ್ಷ್ಮದರ್ಶಕ ಯಂತ್ರದಲ್ಲಿಯೂ ಅವು ಬಹಳ ಹೋಲುವುವು. ಗಾಜಿನ ತಟ್ಟೆಯಲ್ಲಿ ಬೆಳೆಸಿ ನೋಡಿದರೆ ವ್ಯತ್ಯಾಸವು ಹೊರಬೀಳುವುದು. ಹೊಸದು ೨೦ ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ ಹಳೆಯದಕ್ಕಿಂತ ಬೇಗ ಬೆಳೆಯುವುದು. ೩೩ ಡಿಗ್ರಿಯಲ್ಲಿ ಹಳೆಯದು ಬೆಳೆಯಬಲ್ಲದು, ಹೊಸದು ಬೆಳೆಯಲಾರದು. ಈ ಪರೀಕ್ಷೆಯು ನಂಬಲರ್ಹವಾದರೂ ಅದಕ್ಕೆ ಹಲವು ದಿನಗಳೂ ಪಳಗಿದ ಕಣ್ಣೂ ಬೇಕು. ಬಂದರದಲ್ಲಿ ದಿಮ್ಮಿಗಳು ಕಾದುಕೊಂಡಿರುವಾಗ ಬೇಗನೆ ಸಿಕ್ಕುವ ಗುರುತೊಂದು ಬೇಕಲ್ಲವೆ?

೪. ವಂಶವಾಹಿಯ ಗುರುತು

ಅಂಥ ಗುರುತನ್ನು ಜೀವಿಯ ಒಳಗಿನಿಂದಲೇ ತೆಗೆಯುವ ವಿದ್ಯೆಯು ಈಚಿನ ದಶಕಗಳಲ್ಲಿ ಬೆಳೆದಿದೆ. ಪ್ರತಿಯೊಂದು ಜೀವಕೋಶದಲ್ಲಿಯೂ ಡಿ.ಎನ್.ಎ. ಎಂಬ ಬಹು ಸಣ್ಣ ಎಳೆಯುಂಟು. ಅಡೆನಿನ್, ಥೈಮಿನ್, ಗ್ವಾನಿನ್, ಸೈಟೊಸಿನ್ ಎಂಬ ನಾಲ್ಕು ಪದಾರ್ಥಗಳು ನಾಲ್ಕು ಅಕ್ಷರಗಳಂತೆ ಅದರಲ್ಲಿ ಸಾಲಾಗಿ ಜೋಡಿಸಲ್ಪಟ್ಟಿರುವುವು. ಆ ಜೋಡಣೆಯ ಕ್ರಮವು ತಾಯಿಯಿಂದ ಮಗಳಿಗೆ, ಬೀಜದಿಂದ ಗಿಡಕ್ಕೆ ಇಳಿದುಬರುವುದು. ಇಳಿದುಬರುವಾಗ ಅಲ್ಲಲ್ಲಿ ಒಂದೊಂದು ಅಕ್ಷರವು ಮಾರ್ಪಡುವುದರಿಂದ, ಬಹುಕಾಲದ ಹಿಂದೆ ಅಗಲಿದ ಜಾತಿಗಳಲ್ಲಿ ಹೆಚ್ಚು ವ್ಯತ್ಯಾಸವೂ, ಈಚೆಗೆ ಅಗಲಿದವುಗಳಲ್ಲಿ ಕಡಿಮೆ ವ್ಯತ್ಯಾಸವೂ ಕಾಣುವುದು. ಜಾತಿಯನ್ನು ತಿಳಿಸಬಲ್ಲ ಇಂಥ ಅಕ್ಷರಗಳ ಒಂದು ತುಂಡನ್ನೇ ವಂಶವಾಹಿಯ ಗುರುತು ಎಂದು ಹೇಳುವರು.

ದುಂಬಿಯ ಸಂಗಾತಿಯಾದ ಬೂಷ್ಟನ್ನು ಹೀಗೆ ಗುರುತಿಸುವ ಕ್ರಮವನ್ನು ನಮ್ಮ ವಾಚಕರಿಗಾಗಿ ಸಂಕ್ಷೇಪವಾಗಿ ಹೇಳುವೆವು.

ಮೊದಲನೆಯದಾಗಿ, ದುಂಬಿಯನ್ನಾಗಲಿ ಅದರ ಹಾದಿಯ ಕಟ್ಟಿಗೆಯ ಚೂರನ್ನಾಗಲಿ ಶುದ್ಧವಾದ ಸಾಧನಗಳಿಂದ ತೆಗೆದು, ಮೊಳಕೆ ಬರಿಸಿದ ಬಾರ್ಲಿಯ ಸಾರವನ್ನು ಸೇರಿಸಿದ ಗಂಜಿಯಂಥ ಪಾಕದ ಮೇಲೆ ಇಡುವರು. ಆ ಪಾಕಕ್ಕೆ ಸೈಕ್ಲೊಹೆಕ್ಸಿಮೈಡ್ ಎಂಬ ಔಷಧವನ್ನು ಬೆರಸುವುದುಂಟು. ಇದು ಬೇರೆ ಅನೇಕ ಬೂಷ್ಟುಗಳನ್ನು ತಡೆಯುವುದು, ಒಫಿಯೊಸ್ಟೋಮ ಕುಲದವುಗಳು ಮಾತ್ರ ಇದನ್ನು ತಾಳಿಕೊಂಡು ಬೆಳೆಯುವುವು. ಎರಡನೆಯದಾಗಿ, ಬೆಳೆದ ಬೂಷ್ಟಿನ ಒಂದು ಎಳೆಯ ತುದಿಯನ್ನು ಮಾತ್ರ ಎತ್ತಿ ಬೇರೊಂದು ತಟ್ಟೆಗೆ ಹಾಕಿ, ಕಲಬೆರಕೆಯಿಲ್ಲದ ಒಂದೇ ಬೆಳೆಯನ್ನು ಪಡೆಯುವರು. ಮೂರನೆಯದಾಗಿ, ಅದನ್ನು ಅರೆದು ಡಿ.ಎನ್.ಎ.ಯನ್ನು ಬೇರ್ಪಡಿಸುವರು.

ನಾಲ್ಕನೆಯದಾಗಿ, ಬೇಕಾದ ಗುರುತಿನ ತುಂಡನ್ನು ಮಾತ್ರ ಹೆಚ್ಚಿಸುವರು. ಪಿ.ಸಿ.ಆರ್. ಎಂದು ಕರೆಯಲ್ಪಡುವ ಈ ಉಪಾಯವನ್ನು ಅಮೇರಿಕದ ಕ್ಯಾರಿ ಮುಲ್ಲಿಸ್ ಎಂಬವರು ೧೯೮೩ರಲ್ಲಿ ಯೋಚಿಸಿದರು. ಎಳೆಯನ್ನು ಕಾಸಿ ಬಿಡಿಸಿ, ತಣಿಸಿ, ಮತ್ತೆ ಬೆಚ್ಚಗೆಮಾಡಿ ಪ್ರತಿಮಾಡಿಸಿದರೆ ಒಂದು ಎರಡಾಗುವುದು, ಎರಡು ನಾಲ್ಕಾಗುವುದು. ಚದುರಂಗದ ಮನೆಗಳಲ್ಲಿ ಅಕ್ಕಿಯ ಕಾಳನ್ನು ಇಮ್ಮಡಿಸುತ್ತ ಹೋದ ಕಥೆಯನ್ನು ಕೇಳಿದವರಿಗೆ ಇದರ ಬಲವು ತಿಳಿದೀತು. ಒಂದೇ ಪ್ರತಿಯು ಮೂವತ್ತು ಸಾರಿ ಇಮ್ಮಡಿಯಾದರೆ ನೂರು ಕೋಟಿಯನ್ನು ಮೀರುವುದು. ಐದನೆಯದಾಗಿ, ಹೀಗೆ ಹೆಚ್ಚಿಸಿದ ತುಂಡಿನ ಅಕ್ಷರಗಳನ್ನು ಯಂತ್ರದಿಂದ ಓದಿ, ಹೆಸರು ಗೊತ್ತಿರುವ ಬೂಷ್ಟುಗಳ ಅಕ್ಷರಗಳೊಂದಿಗೆ ಹೋಲಿಸುವರು.

ಬೂಷ್ಟುಗಳ ವಿಷಯದಲ್ಲಿ ಸಾಮಾನ್ಯವಾಗಿ ಓದುವ ತುಂಡಿಗೆ ಐ.ಟಿ.ಎಸ್. ಎಂದು ಹೆಸರು. ಇದನ್ನು ಸುಲಭವಾಗಿ ಹೆಚ್ಚಿಸುವ ವಿಧಾನವು ೧೯೯೦ರಲ್ಲಿ ಪ್ರಕಟವಾಯಿತು; ೨೦೧೨ರಲ್ಲಿ ಹಲವು ದೇಶಗಳ ವಿದ್ವಾಂಸರು ಕೂಡಿ, ಬೂಷ್ಟುಗಳನ್ನು ಗುರುತಿಸಲು ಇದನ್ನೇ ಮೊದಲ ಗುರುತಾಗಿ ಇಟ್ಟುಕೊಳ್ಳಬೇಕೆಂದು ಸೂಚಿಸಿದರು. ಇದರ ಉದ್ದವು ಸಾಮಾನ್ಯವಾಗಿ ೫೦೦ರಿಂದ ೭೦೦ ಅಕ್ಷರಗಳು. ಒಂದು ಕೋಶದಲ್ಲಿ ಇದರ ಅನೇಕ ಪ್ರತಿಗಳಿರುವುದರಿಂದ ಅತ್ಯಲ್ಪ ಮಾದರಿಯಿಂದಲೂ ಇದನ್ನು ಪಡೆಯಬಹುದು.

೫. ಒಬ್ಬ ಸಾಕ್ಷಿಯ ಮಾತು ಸಾಲದು

ಇಷ್ಟು ಓದಿದವರು, ಇನ್ನು ಕಷ್ಟವೇನೂ ಉಳಿಯಲಿಲ್ಲ, ಯಂತ್ರವು ಹೇಳಿದ ಹೆಸರನ್ನು ಬರೆದುಕೊಂಡರಾಯಿತು, ಎಂದು ಎಣಿಸಬಾರದು. ಈ ವಿದ್ಯೆಯಲ್ಲಿ ಜಾಗ್ರತೆಯಿಂದ ನಡೆಯತಕ್ಕ ನಾಲ್ಕು ಸ್ಥಳಗಳುಂಟು.

ಒಂದನೆಯದು: ಐ.ಟಿ.ಎಸ್. ತುಂಡು ದೂರದ ಬಂಧುಗಳನ್ನು ಚೆನ್ನಾಗಿ ಬೇರ್ಪಡಿಸಿದರೂ ಹತ್ತಿರದ ಬಂಧುಗಳಲ್ಲಿ ಕೆಲವು ಸಾರಿ ಒಂದೇ ಆಗಿರುವುದು. ಆಗ ಬೀಟಾ-ಟ್ಯೂಬುಲಿನ್ ಮೊದಲಾದ ಬೇರೆ ವಂಶವಾಹಿಗಳನ್ನೂ ಓದಬೇಕಾಗುವುದು. ಹೊಸ ಎಲ್ಮ್ ಬೂಷ್ಟಿನಲ್ಲಿಯೇ ಎರಡು ಉಪಜಾತಿಗಳುಂಟು. ಅವುಗಳನ್ನು ಬೇರ್ಪಡಿಸಲು, ಸೆರಾಟೊ-ಉಲ್ಮಿನ್ ಎಂಬ ಪದಾರ್ಥವನ್ನು ಉಂಟುಮಾಡುವ ವಂಶವಾಹಿಯನ್ನೂ ಇನ್ನೊಂದನ್ನೂ ಪರೀಕ್ಷಿಸುವರು. ಇವೆರಡು ಉಪಜಾತಿಗಳು ಯೂರೋಪಿನಲ್ಲಿ ಒಂದರೊಡನೊಂದು ಬೆರೆತು ಮಿಶ್ರಸಂತಾನವನ್ನು ಪಡೆದಿವೆಯೆಂಬುದು ೨೦೦೨ರಲ್ಲಿ ಇಂಥ ಪರೀಕ್ಷೆಯಿಂದಲೇ ಗೊತ್ತಾಯಿತು.

ಎರಡನೆಯದು ಬಹು ವಿಚಿತ್ರವಾದುದು. ಹೊಸ ಬೂಷ್ಟು ಯೂರೋಪಿನಲ್ಲಿ ಹರಡುವಾಗ ಹಳೆಯ ಬೂಷ್ಟಿನೊಂದಿಗೆ ಅಪರೂಪವಾಗಿ ಕೂಡಿ, ಅದರ ಕೆಲವು ವಂಶವಾಹಿಗಳನ್ನು ತನ್ನದಾಗಿ ಮಾಡಿಕೊಂಡಿತೆಂದು ೨೦೦೬ರಲ್ಲಿ ಪ್ರಕಟವಾಯಿತು. ಅವುಗಳಲ್ಲಿ ಒಂದು ಲಿಂಗವನ್ನು ನಿರ್ಣಯಿಸುವ ವಂಶವಾಹಿ. ಆ ಒಂದೇ ತುಂಡನ್ನು ಓದಿ ತೀರ್ಪು ಕೊಟ್ಟರೆ, ಉಗ್ರವಾದ ಬೂಷ್ಟಿಗೆ ಸೌಮ್ಯವಾದುದರ ಹೆಸರು ಬಿದ್ದೀತು! ಎರವಲು ಸೀರೆಯನ್ನು ನೋಡಿ ಉಟ್ಟವಳ ಮನೆತನವನ್ನು ಹೇಳಿದಂತಾಗುವುದು.

ಮೂರನೆಯದು: ಹೋಲಿಕೆಯು ಹೋಲಿಸುವ ಪ್ರತಿಯಷ್ಟೇ ನಂಬತಕ್ಕದ್ದು. ಲೋಕದ ವಿದ್ವಾಂಸರು ತಾವು ಓದಿದ ಅಕ್ಷರಗಳನ್ನು ಎಲ್ಲರಿಗೂ ತೆರೆದಿರುವ ಭಂಡಾರಗಳಲ್ಲಿ ಇಡುವರು. ಅಲ್ಲಿ ತಪ್ಪು ಹೆಸರಿನ ಚೀಟಿಯುಳ್ಳವೂ ಸೇರಿಕೊಂಡಿರುವುವು. ಆದುದರಿಂದ, ಮೊದಲು ಹೆಸರಿಟ್ಟವರು ಪರೀಕ್ಷಿಸಿದ ಮೂಲ ಬೂಷ್ಟೇ ಸಿಕ್ಕಿದರೆ ಅದಕ್ಕೆ ಸಮನಾದ ಪ್ರಮಾಣವಿಲ್ಲ. ಇಲ್ಲಿ ಮತ್ತೊಮ್ಮೆ ವೆಸ್ಟರ್‌ಡೈಕ್ ಅವರನ್ನು ಸ್ಮರಿಸಬೇಕು. ಅವರು ೧೯೦೭ರಿಂದ ನೋಡಿಕೊಂಡು ಬಂದ ಜೀವಂತ ಬೂಷ್ಟುಗಳ ಸಂಗ್ರಹವು ಅವರ ಕೈಕೆಳಗೆ ಜಗತ್ತಿನಲ್ಲಿಯೇ ಹೆಸರಾಯಿತು. ಈಗ ಅದು ಹಾಲೆಂಡಿನ ಉಟ್ರೆಕ್ಟ್ ಪಟ್ಟಣದಲ್ಲಿದೆ. ೨೦೧೭ರಿಂದ ಅದಕ್ಕೆ ಅವರ ಹೆಸರೇ ಇದೆ. ಅಕ್ಷರ ಓದುವ ಯಂತ್ರವನ್ನು ಅವರು ಕನಸಿನಲ್ಲಿಯೂ ಕಂಡಿರಲಿಲ್ಲ. ಆದರೂ ಒಂದೊಂದು ನಳಿಗೆಗೆ ಚೀಟಿ ಅಂಟಿಸಿ, ಕಾಲಕಾಲಕ್ಕೆ ಹೊಸ ಪಾಕಕ್ಕೆ ಬದಲಾಯಿಸಿ, ಬೂಷ್ಟುಗಳನ್ನು ಸಾಯದಂತೆ ಕಾಪಾಡುವ ಆ ಬೇಸರದ ಕೆಲಸವು ಇಂದಿನ ಯಂತ್ರಕ್ಕೆ ಆಧಾರವಾಗಿದೆ.

ನಾಲ್ಕನೆಯದು: ಹೆಸರು ತಿಳಿದ ಮಾತ್ರಕ್ಕೆ ಅಪರಾಧವು ಸಿದ್ಧವಾಗುವುದಿಲ್ಲ. ಇಂದು ಒಂದು ದುಂಬಿಯನ್ನು ಅರೆದು ಅದರಲ್ಲಿರುವ ಎಲ್ಲಾ ಬೂಷ್ಟುಗಳ ಗುರುತುಗಳನ್ನು ಒಟ್ಟಿಗೆ ಓದಬಹುದು. ಆದರೆ ಕಳವು ನಡೆದ ಸಂತೆಯಲ್ಲಿ ಇದ್ದವರೆಲ್ಲರೂ ಕಳ್ಳರಲ್ಲ. ಮರವನ್ನು ಕೊಂದದ್ದು ಯಾವುದೆಂದು ತಿಳಿಯಬೇಕಾದರೆ, ಶುದ್ಧವಾದ ಬೆಳೆಯನ್ನು ಆರೋಗ್ಯವಾದ ಮರಕ್ಕೆ ಚುಚ್ಚಿ, ರೋಗವು ಬಂದ ಮೇಲೆ ಅದರಿಂದ ಅದೇ ಬೂಷ್ಟನ್ನು ಮತ್ತೆ ತೆಗೆಯಬೇಕು. ೧೯೨೭ರಲ್ಲಿ ಕುಮಾರಿ ಬೊಯಿಸ್‌ಮನ್ ಮಾಡಿದ ಪರೀಕ್ಷೆಯು ಇಂದಿಗೂ ತಪ್ಪಿದ್ದಲ್ಲ.

೬. ನಮ್ಮ ದೇಶಕ್ಕೆ ಇದರ ಸಂಬಂಧ

ಇದೆಲ್ಲ ದೂರದೇಶದ ಮಾತೆಂದು ಯಾರೂ ತಳ್ಳಿಬಿಡಬಾರದು. ಎಲ್ಮ್ ಮರವು ನಮ್ಮ ಹಿಮಾಲಯದಲ್ಲಿಯೂ ಬೆಳೆಯುವುದು. ಅಲ್ಲಿನ ಮರಗಳ ತೊಗಟೆಯಲ್ಲಿ ದುಂಬಿಗಳು ಕೊರೆದ ಹಾದಿಗಳಿಂದ ತೆಗೆದ ಒಂದು ಬೂಷ್ಟು, ಮೇಲೆ ಹೇಳಿದ ಎರಡಕ್ಕೂ ಸೇರದ ಮೂರನೆಯ ಜಾತಿಯೆಂದು ಬ್ರೇಸಿಯರ್ ಅವರೂ ಭಾರತೀಯ ವಿದ್ವಾಂಸರಾದ ಮೆಹ್ರೋತ್ರಾ ಅವರೂ ೧೯೯೫ರಲ್ಲಿ ತೋರಿಸಿದರು. ಅದಕ್ಕೆ ಒಫಿಯೊಸ್ಟೋಮ ಹಿಮಾಲ್-ಉಲ್ಮಿ ಎಂದು ಹೆಸರು. ಯೂರೋಪಿನ ಎಲ್ಮ್‌ಗೆ ಚುಚ್ಚಿದಾಗ ಅದು ಉಗ್ರವಾಗಿ ವರ್ತಿಸಿತು. ತನ್ನ ತವರಾದ ಹಿಮಾಲಯದಲ್ಲಿ ಮಾತ್ರ ಅಂಥ ಪಿಡುಗನ್ನು ಎಬ್ಬಿಸದೆ ಮರದೊಂದಿಗೆ ಬಾಳಿಕೊಂಡಿತ್ತು. ತವರಿನಲ್ಲಿ ಸಾಧುವಾದುದು ಪರದೇಶದಲ್ಲಿ ಮಾರಿಯಾಗಬಹುದೆಂಬ ಪಾಠವು ಇದರಲ್ಲಿದೆ.

ಕೊಡಗು, ಚಿಕ್ಕಮಗಳೂರು, ಹಾಸನ ಪ್ರಾಂತಗಳ ಕಾಫಿ ತೋಟದ ಮನೆತನಗಳಿಂದ ಬಂದ ವಾಚಕರಿಗೆ ಇನ್ನೂ ಹತ್ತಿರದ ಉದಾಹರಣೆಯುಂಟು. ರೊಬಸ್ಟಾ ಗಿಡದ ಎಳೆ ರೆಂಬೆಯಲ್ಲಿ ಗುಂಡುಸೂಜಿ ಚುಚ್ಚಿದಂಥ ರಂಧ್ರವನ್ನು ಮಾಡುವ ಶಾಟ್‌ಹೋಲ್ ಬೋರರ್ ಎಂಬ ಹುಳುವು ಈ ದುಂಬಿಗಳ ಸಂತತಿಯದೇ. ಹೆಣ್ಣು ಹುಳುವು ರೆಂಬೆಯೊಳಗೆ ಬೂಷ್ಟನ್ನು ಬೆಳೆಸಿ ಮರಿಗಳಿಗೆ ಉಣಿಸುವುದು. ರೆಂಬೆಯ ಎಲೆ ಬಾಡಿ ಒಣಗುವುದು. ಇಲ್ಲಿಯೂ, ಹುಳುವಿನ ಆಹಾರವಾದ ಬೂಷ್ಟು ಯಾವುದು, ಆ ರಂಧ್ರದಿಂದ ಹಿಂದೆಯೇ ನುಗ್ಗಿದ ಬೇರೆ ಬೂಷ್ಟು ಯಾವುದು, ಎಂದು ಬೇರ್ಪಡಿಸಿ ನೋಡಬೇಕಾಗುವುದು. ಅಂಥ ರೆಂಬೆಯನ್ನು ರಂಧ್ರಕ್ಕಿಂತ ಕೆಳಗೆ ಕತ್ತರಿಸಿ ಸುಟ್ಟುಬಿಡುವ ತೋಟದ ಪದ್ಧತಿಯು ಯುಕ್ತವಾದುದು; ಹುಳುವೂ ಬೂಷ್ಟೂ ಒಟ್ಟಿಗೆ ನಾಶವಾಗುವುವು.

ಹಡಗಿನಲ್ಲಿ ಬರುವ ಮರದ ಪೆಟ್ಟಿಗೆಗಳ ಮೇಲೆ ತೆನೆಯ ಚಿತ್ರವಿರುವ ಒಂದು ಮುದ್ರೆಯನ್ನು ನಮ್ಮ ವಾಚಕರಲ್ಲಿ ಕೆಲವರು ನೋಡಿರಬಹುದು. ಮರವನ್ನು ತಿರುಳಿನವರೆಗೂ ೫೬ ಡಿಗ್ರಿ ಉಷ್ಣತೆ ತಾಗುವಂತೆ ೩೦ ನಿಮಿಷ ಕಾಸುವುದೇ ಮೊದಲಾದ ಶುದ್ಧಿಯನ್ನು ೨೦೦೨ರ ಅಂತರರಾಷ್ಟ್ರೀಯ ನಿಯಮವು ಗೊತ್ತುಮಾಡಿತು. ಅದು ನಡೆದಿದೆಯೆಂಬುದಕ್ಕೆ ಆ ಮುದ್ರೆಯೇ ಗುರುತು. ಒಂದು ಹಡಗಿನ ದಿಮ್ಮಿಯಿಂದ ಒಂದು ದೇಶದ ಮರಗಳೇ ಹೋದುವೆಂಬ ಅನುಭವವು ಇಂಥ ನಿಯಮಗಳ ಹಿಂದೆ ಇದೆ.

ಕೊನೆಯದಾಗಿ ಹೆತ್ತವರಿಗೆ ಒಂದು ಮಾತು. ವೆಸ್ಟರ್‌ಡೈಕ್ ಅವರ ಬಳಿಯಲ್ಲಿ ಕಲಿತು ವಿದ್ವತ್ಪದವಿಯನ್ನು ಪಡೆದ ೫೬ ಮಂದಿಯಲ್ಲಿ ಸುಮಾರು ಅರ್ಧದಷ್ಟು ಸ್ತ್ರೀಯರು. ಹೆಣ್ಣುಮಕ್ಕಳಿಗೆ ಪ್ರಯೋಗಶಾಲೆಯ ಬಾಗಿಲು ಅಪರೂಪವಾಗಿ ತೆರೆಯುತ್ತಿದ್ದ ಕಾಲದಲ್ಲಿ, ಅಷ್ಟು ಮಂದಿಗೆ ಒಬ್ಬ ಗುರುವು ಬಾಗಿಲನ್ನು ತೆರೆದಿಟ್ಟುದರಿಂದ, ಒಂದು ರೋಗದ ಕಾರಣವು ಲೋಕಕ್ಕೆ ತಿಳಿಯಿತು. ಇಂದು ಆ ಬಾಗಿಲುಗಳು ಹೆಚ್ಚು ಅಗಲವಾಗಿವೆ. ಹಿತ್ತಿಲಿನ ಸತ್ತ ಕೊಂಬೆಯ ತೊಗಟೆಯನ್ನು ಎಬ್ಬಿಸಿ, ಅಮ್ಮಾ, ಈ ಗೆರೆಯನ್ನು ಬರೆದವರಾರು, ಎಂದು ಮಗಳು ಕೇಳಿದರೆ, ಕೈ ಕೊಳೆಯಾಯಿತೆಂದು ಗದರಿಸದೆ, ಅವಳ ಕೈಗೆ ಒಂದು ಭೂತಕನ್ನಡಿಯನ್ನು ಕೊಡಬೇಕೆಂದು ಕೇಳಿಕೊಳ್ಳುತ್ತೇವೆ.